ಚಾಕಿ ಹುಳದ ಗಾಡಿಗೆ ಎರಡನೇ ಬ್ಯಾಟರಿ

ನನಗೆ ಓದು ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಓದುತ್ತೇನೆ, ಅಂಕಿ ಓದುತ್ತೇನೆ, ರುಜು ಹಾಕುತ್ತೇನೆ. ಆದರೆ ಪಂಪ್‌ಸೆಟ್ಟಿಗೆ ಫ್ಯೂಸು ಕಟ್ಟುವುದರಲ್ಲಿ ವಕ್ಕಲೇರಿ ಕಡೆ ನನ್ನನ್ನು ಮೀರಿಸಿದವರಿಲ್ಲ. ಫ್ಯೂಸು ಹೋಯಿತೋ, ಹಳೇ ವೈರಿನಿಂದ ಒಂದೆಳೆ ತಾಮ್ರ ಎಳೆದು ಸುತ್ತು. ಮತ್ತೆ ಹೋಯಿತೋ, ಮೂರೆಳೆ ಸುತ್ತು. ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಆಮೇಲೆ ಮೋಟಾರು ಸುಟ್ಟರೆ ಕರೆಂಟನ್ನು ಬೈಯುತ್ತೇವೆ.

ನಾನೂ ನನ್ನ ತಮ್ಮನೂ ಚಾಕಿ ಸಾಕುತ್ತೇವೆ. ಅಂದರೆ ರೇಷ್ಮೆ ಮೊಟ್ಟೆ ಒಡೆಸಿ, ಮರಿ ಹುಳಕ್ಕೆ ಎರಡು ಜ್ವರ ದಾಟಿಸಿ, ರೈತರ ಮನೆಗೆ ಮುಟ್ಟಿಸುವುದು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಚರ್ಮ ಬಿಡುವ ಹೊತ್ತು. ಗಾಡಿಯ ಹಿಂದೆ ತಗಡಿನ ಪೆಟ್ಟಿಗೆ ಇದೆ. ಊಜಿ ನೊಣ ನುಗ್ಗಿದರೆ ಹುಳ ಹಾಳು, ಅದಕ್ಕೆ ಬಾಗಿಲು ತೆಗೆಯುವಂತಿಲ್ಲ. ಮುಚ್ಚಿಟ್ಟರೆ ಸೆಕೆಗೆ ಸಾಯುತ್ತವೆ. ಅದಕ್ಕೇ ಬಲೆ ಹೊಡೆದ ಕಿಂಡಿಗಳಲ್ಲಿ ನಾಲ್ಕು ಫ್ಯಾನು. ಮೊದಲು ಅವು ಗಾಡಿಯ ಬ್ಯಾಟರಿಯಿಂದಲೇ ಓಡುತ್ತಿದ್ದವು. ಹುಳ ಇಳಿಸುವಷ್ಟರಲ್ಲಿ ಬ್ಯಾಟರಿ ಮಲಗಿಬಿಡುತ್ತಿತ್ತು, ರೈತರೇ ಗಾಡಿ ತಳ್ಳಬೇಕು. ಮುಳಬಾಗಿಲು ಕಡೆಯವರು "ಇವ್ರ ಹತ್ರ ಹುಳ ತಗೊಂಡ್ರೆ ಕಸರತ್ತು ಪುಕ್ಕಟೆ" ಎಂದು ಆಡಿಕೊಂಡರು. ತಮ್ಮನಿಗೆ ರೋಷ ಬಂತು. ಫ್ಯಾನಿಗೆಂದೇ ಎರಡನೇ ಬ್ಯಾಟರಿ ತಂದು, ಚಾರ್ಜಾಗಲೆಂದು ಗಾಡಿಯ ಬ್ಯಾಟರಿಗೆ ತಂತಿ ಸೇರಿಸಿ, ಕ್ಯಾಬಿನ್ನಿನ ಹಿಂದೆ ಕೂರಿಸಿದ. ತಾನೇ ಕೂರಿಸಿದ. ಅಲ್ಲೇ ಎಡವಟ್ಟಾಗಿದ್ದು.

ಈ ಬೇಸಿಗೆಯಲ್ಲಿ ಶ್ರೀನಿವಾಸಪುರದ ಹೆಂಗಸೊಬ್ಬಳಿಗೆ ಹುಳ ಒಯ್ಯುತ್ತಿದ್ದೆವು. ಹಿಂದಿನ ಸಲ ನಾವು ಕೊಟ್ಟ ಹುಳದಲ್ಲಿ ಅರ್ಧಕ್ಕರ್ಧ ದಾರಿಯಲ್ಲೇ ಸತ್ತಿತ್ತು. "ಈ ಸಲಾನೂ ಹಿಂಗೇ ಆದ್ರೆ ಹಿಪ್ಪುನೇರಳೆ ಕಿತ್ತಾಕಿ ಟೊಮೆಟೊ ಇಕ್ತೀನಿ, ನಿಮ್ ಮುಖಾನೂ ನೋಡಲ್ಲ" ಎಂದಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ದಾರಿಯಲ್ಲಿ ಹೋಳೂರು ಇನ್ನೂ ಸ್ವಲ್ಪ ದೂರವಿತ್ತು, ಫ್ಯಾನು ನಿಂತವು. ಇಳಿದು ನೋಡಿದರೆ ಫ್ಯೂಸು ಹೋಗಿತ್ತು. "ಇಷ್ಟೇನಾ" ಎಂದು ನಾನು ಮೂರೆಳೆ ತಾಮ್ರ ಸುತ್ತಿದೆ. ಫ್ಯಾನು ಓಡಿದವು. ನಾನು ಸೆರಗು ಕೊಡವಿಕೊಂಡು ಕೂತೆ. ಎರಡು ಫರ್ಲಾಂಗು ಹೋಗಿಲ್ಲ, ಬೆನ್ನ ಹಿಂದಿನಿಂದ ಹೊಗೆ.

"ಲೇ, ಸ್ಪ್ಯಾನರ್ ಎಲ್ಲೋ?"

"ಅದ್ರ ಮೇಲೇ ಕುಂತಿದ್ದೀಯಲ್ಲೇ ಅಕ್ಕಾ, ಏಳೇ!"

ತಮ್ಮ ಬ್ಯಾಟರಿಯ ತಂತಿ ಬಿಚ್ಚಿದ, ಹೊಗೆ ನಿಂತಿತು. ಆದರೆ ಫ್ಯಾನೂ ನಿಂತಿತ್ತು. ಅವನು ಪೆಟ್ಟಿಗೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಟವೆಲಿನಿಂದ ಹುಳಕ್ಕೆ ಗಾಳಿ ಬೀಸತೊಡಗಿದ. ನಾನು ಹೋಳೂರಿನವರೆಗೆ ನಡೆದು ಒಬ್ಬ ಗಾಡಿ ಎಲೆಕ್ಟ್ರಿಷಿಯನ್ನನ್ನು ಕರೆದು ತಂದೆ. ಮೊಪೆಡ್ಡಿನಲ್ಲಿ ಅವನ ಹಿಂದೆ ಕೂತಾಗ ಮೂಗಿಗೆ ಹೊಡೆಯಿತು, ಬೀಡಿ. ಹೊಗೆಸೊಪ್ಪಿನ ವಾಸನೆ ರೇಷ್ಮೆ ಹುಳಕ್ಕೆ ವಿಷ. ನಮ್ಮ ಚಾಕಿ ಮನೆಗೆ ಸ್ವಂತ ಅಳಿಯನನ್ನೂ ಬಿಟ್ಟವಳಲ್ಲ ನಾನು.

"ನಿಂತ್ಕೊಳಪ್ಪಾ ಅಲ್ಲೇ, ಹುಣಸೆ ಮರದ ಹತ್ರ."

"ಬಾಯಿ ಮುಕ್ಕಳಿಸ್ತೀನಿ ಕಣಮ್ಮೋ."

"ಮುಕ್ಕಳಿಸಿದ್ರೆ ಹೋಗೋ ವಾಸ್ನೆಯಾ ಅದು? ನಿನ್ ಮೈಯೇ ಬೀಡಿ ಕಟ್ಟು. ಅಲ್ಲಿಂದ್ಲೇ ಹೇಳು, ನಾನ್ ಮಾಡ್ತೀನಿ."

ಅವನು ಸಾಮಾನನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ನಾನು ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ತಂದೆ. ಅವನು ಹಣೆ ಚಚ್ಚಿಕೊಂಡ.

"ಬಳೆ?"

"ಗಾಜಿಂದು."

"ಬೆರಳಾಗೆ ತಾಮ್ರದುಂಗುರ ಐತಲ್ಲ, ಅದು ತೆಗಿ. ಬ್ಯಾಟ್ರಿಗೆ ತಾಕಿದ್ರೆ ಬೆರಳೇ ಬೇಯ್ತದೆ. ಎರಡೂ ಬ್ಯಾಟ್ರಿದು ಮೈನಸ್ ಬಿಚ್ಚು. ಬಿಚ್ಚೋವಾಗ ಮೈನಸ್ ಮೊದ್ಲು, ಹಾಕೋವಾಗ ಕೊನೇಲಿ."

ಬಿಚ್ಚಿದೆ. ಫ್ಯಾನಿನ ತಂತಿ ತಗಡಿನ ತೂತಿನಲ್ಲಿ ಹೋಗುವ ಕಡೆ ಉಜ್ಜಿ ಉಜ್ಜಿ ಬೆತ್ತಲಾಗಿ ತಗಡಿಗೆ ತಾಕಿತ್ತು. ಅದಕ್ಕೇ ಫ್ಯೂಸು ಹೋಗಿದ್ದು. ಅದು ಬಾಯಿ ಬಿಟ್ಟು ಹೇಳಿತ್ತು, ನಾನು ಅದರ ಬಾಯಿಗೆ ತಾಮ್ರ ತುರುಕಿದ್ದೆ. ನಾನು ಸುತ್ತಿದ್ದನ್ನು ಎತ್ತಿ ತೋರಿಸಿದಾಗ ಆತ ಮರಕ್ಕೆ ಒರಗಿಬಿಟ್ಟ, ಬಾಯಿಗೆ ತೆಲುಗು ಬಂತು.

"ಏಮಮ್ಮಾ ಇದಿ! ಪಂಪ್‌ಸೆಟ್ ಅಂದ್ಕೊಂಡ್ಯಾ? ಫ್ಯೂಸ್ ಇರೋದು ತಂತಿ ಕಾಯಕ್ಕೆ. ತಂತಿ ಬೇಯೋಕ್ ಮುಂಚೆ ಅದು ಸಾಯ್ಬೇಕು."

"ಸಾಯೋಕೇ ಇರೋದಾ ಅದು?"

"ಹೂಂ. ಅದು ಸಾಯ್ದಿದ್ರೆ ನೀವಿಬ್ರೂ, ನಿಮ್ ಹುಳಾನೂ."

ಸುಟ್ಟ ತಂತಿ ಎಸೆದು, ದಪ್ಪ ತಂತಿ ಹಾಕಿದೆ. ತೂತಿಗೆ ರಬ್ಬರ್ ಬಳೆ ತೊಡಿಸಿದೆ. ಪ್ಲಸ್ಸಿನಿಂದ ಗೇಣು ದೂರದೊಳಗೇ ಫ್ಯೂಸು ಬರಬೇಕು ಎಂದ. ತಮ್ಮ ಅದನ್ನು ಮಾರುದೂರದಲ್ಲಿ ಇಟ್ಟಿದ್ದ, ಕಣ್ಣಿಗೆ ಕಾಣಲಿ ಎಂದು! ಹೊಸ ಫ್ಯೂಸಿನ ಮೇಲಿನ ಅಂಕಿ ತಾನು ಹೇಳಿದ್ದೇ ಇದೆಯೇ ಎಂದು ಎಲೆಕ್ಟ್ರಿಷಿಯನ್ ಎರಡು ಸಲ ಓದಿಸಿದ.

"ಎರಡು ಬ್ಯಾಟ್ರಿ ಸೇರ್ಸೋ ತಂತಿಗೆ ಫ್ಯೂಸ್ ಎಷ್ಟು?"

"ಒಂದು. ಗಾಡಿ ಬ್ಯಾಟ್ರಿ ಹತ್ರ."

"ಎರಡು ಕೆರೆ ಮಧ್ಯ ಒಂದು ಕಾಲುವೆ ಐತೆ ಅಂದ್ಕೋ. ಒಂದೇ ಕೆರೆಗೆ ತೂಬು ಇಟ್ರೆ, ಇನ್ನೊಂದು ಕೆರೆ ನೀರು ಸುಮ್ನಿರ್ತದಾ? ಎರಡೂ ಕಡೆ ಬೇಕು."

ಕೆರೆ ಎಂದ ಮೇಲೆ ತಲೆಗೆ ಹೋಯಿತು. ಅಷ್ಟರಲ್ಲಿ ಪೆಟ್ಟಿಗೆಯೊಳಗಿನಿಂದ ತಮ್ಮ ಬಡಿದ. "ಅಕ್ಕಾ, ಕೆರೆ ಕಟ್ಟಿಸಾಯ್ತಾ? ಹುಳಕ್ಕಿಂತ ಮುಂಚೆ ನಾನೇ ಹೋಗ್ತೀನಿ ಇಲ್ಲಿ!"

ಸದ್ಯಕ್ಕೆ ಸೇರಿಸುವ ತಂತಿಯನ್ನು ಎರಡೂ ತುದಿ ಬಿಚ್ಚಿ ಪಕ್ಕಕ್ಕಿಡಲು ಎಲೆಕ್ಟ್ರಿಷಿಯನ್ ಹೇಳಿದ. ಶ್ರೀನಿವಾಸಪುರದವರೆಗೆ ಎರಡನೇ ಬ್ಯಾಟರಿ ಒಂದೇ ಸಾಕು. ಎರಡೂ ಕಡೆ ಫ್ಯೂಸು ಹಾಕುವ ಕೆಲಸವನ್ನು ನಾವು ಖಾಲಿ ಗಾಡಿಯಲ್ಲಿ ವಾಪಸು ಬರುವಾಗ ಅವನೇ ಮಾಡಿಕೊಟ್ಟ. ಬ್ಯಾಟರಿ ಹತ್ತಿರ ಬೀಡಿ ಹಚ್ಚಿದರೆ ಅದೂ ಸಿಡಿಯುತ್ತದಂತೆ. ಗೊತ್ತಿದ್ದೂ ಸೇದುತ್ತಾನೆ, ಮುಂಡೇದು.

ಮೈನಸ್ ಕೊನೆಯಲ್ಲಿ ಹಾಕಿದೆ. ನಾಲ್ಕೂ ಫ್ಯಾನು ತಿರುಗಿದವು. ತಮ್ಮ ಕೆರೆಯಿಂದ ಎದ್ದು ಬಂದ ಎಮ್ಮೆಯ ಹಾಗೆ ಹೊರಬಂದ.

ಶ್ರೀನಿವಾಸಪುರದಲ್ಲಿ ಆ ಹೆಂಗಸು ನನ್ನ ಮಸಿ ಕೈ ನೋಡಿ ಹುಳದ ತಟ್ಟೆ ಮುಟ್ಟಲು ಬಿಡಲಿಲ್ಲ. ತಾನೇ ಒಂದೊಂದೇ ತಟ್ಟೆ ಇಳಿಸಿ, ಎಳೇ ಸೊಪ್ಪು ಉದುರಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾವಿಬ್ಬರೂ ಹೊಸಿಲಾಚೆ ನಿಂತೆವು. ಸ್ವಲ್ಪ ಹೊತ್ತು ಒಂದು ಹುಳವೂ ಅಲುಗಲಿಲ್ಲ. ಆಮೇಲೆ ಒಂದು ತಲೆ ಎತ್ತಿತು. ಹತ್ತು ಎತ್ತಿದವು. ನೋಡುತ್ತಿದ್ದಂತೆ ತಟ್ಟೆ ತುಂಬ ಹುಳ ಸೊಪ್ಪಿಗೆ ಹತ್ತಿತು.

"ಪರ್ವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ. ನಾನು ಸೋಪು ಕೇಳಿದೆ. ಆಮೇಲೆ ಮುದ್ದೆ ಇದೆಯಾ ಎಂದು ಕೇಳಿದೆ.