ನೀರಿನ ಟ್ಯಾಂಕಿಗೆ ತುಂಬದ ನೀರು

ಹರಿಹರದ ಒಂದು ಗುಜರಿ ಯಾರ್ಡಿನಲ್ಲಿ ನಾನು ಬಹಳ ವರ್ಷ ಗ್ಯಾಸ್ ಕಟಿಂಗ್ ಕೆಲಸ ಮಾಡಿದೆ. ಹಳೇ ಲಾರಿ, ಬಾಯ್ಲರ್, ಗಿರಣಿಯ ಯಂತ್ರ, ಏನೇ ಬಂದರೂ ಬೆಂಕಿಯಿಂದ ಕತ್ತರಿಸಿ ತುಂಡು ಮಾಡುವುದು. ಅಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ, ಹಾಗಾಗಿ ನನ್ನ ಮಾತನ್ನು ಸಾಹುಕಾರರು ನಂಬುತ್ತಿದ್ದರು. ಆ ನಂಬಿಕೆಯನ್ನು ನಾನು ಒಮ್ಮೆ ಹೇಗೆ ಬಳಸಿಕೊಂಡೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಭಾನುವಳ್ಳಿಗೆ ಹೋಗಿ ಬಂದೆ. ಅಂದಿನಿಂದ ಅನ್ನದ ತಟ್ಟೆ ಮುಂದೆ ಕೂತರೆ ಉಣ್ಣದೆ ಎದ್ದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಕಾಡಿನಲ್ಲಿ ಮರದ ದಿಮ್ಮಿ ಎಳೆಯುತ್ತಿದ್ದ ಒಂದು ಪುಟ್ಟ ಉಗಿ ರೈಲು ಎಂಜಿನ್ನು ಲಾರಿಯ ಮೇಲೆ ನಮ್ಮ ಯಾರ್ಡಿಗೆ ಬಂತು. ಎತ್ತಿನ ಗಾಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರ ಚಿಮಣಿ ಮಾತ್ರ ಮೇಲೆ ಗುಡಾಣದ ಹಾಗೆ ಉಬ್ಬಿತ್ತು. ಸೌದೆಯ ಕಿಡಿ ಹಾರಿ ಕಾಡಿಗೆ ಬೆಂಕಿ ಬೀಳದಿರಲಿ ಎಂದು ಹಾಗೆ ಮಾಡಿದ್ದಾರೆಂದು ಲಾರಿಯವನು ಹೇಳಿದ.

ನನ್ನ ಜೊತೆಗಾರ ಭಾನುವಳ್ಳಿಯವನು. ನಾನು ಕತ್ತರಿಸುವಾಗ ಸರಪಳಿ ಹಿಡಿಯುವುದು, ತುಂಡು ಎಳೆಯುವುದು ಅವನ ಕೆಲಸ. ನನಗಿಂತ ಆರೇಳು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಿದ್ದ. ಅವನು ಆ ಚಿಮಣಿಯನ್ನು ತಟ್ಟಿ, "ನಮ್ಮ ಸಾಹುಕಾರ್ರು ಉಂಡು ಎದ್ದಂಗೆ ಐತೆ ನೋಡಣ್ಣ" ಎಂದ. ಸಾಹುಕಾರರು ಹಿಂದೆಯೇ ನಿಂತಿದ್ದರು. ಅವರೂ ನಕ್ಕರು.

ಎಂಜಿನ್ನಿನ ಎರಡೂ ಪಕ್ಕಕ್ಕೆ ನೀರಿನ ಟ್ಯಾಂಕುಗಳಿದ್ದವು. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮುಚ್ಚಿದ ಟ್ಯಾಂಕು ಯಾವುದೇ ಇರಲಿ, ಬಾಯಿವರೆಗೂ ನೀರು ತುಂಬಿದ ಮೇಲೇ ಬೆಂಕಿ ಹಿಡಿಯಬೇಕು. ಒಳಗೆ ಎಣ್ಣೆಯ ಆವಿ ಉಳಿದಿದ್ದರೆ ಸಿಡಿಯುತ್ತದೆ. ಹತ್ತು ಸಲ ಖಾಲಿ ಎಂದು ಕಂಡದ್ದು ಹನ್ನೊಂದನೇ ಸಲ ಮೋಸ ಮಾಡುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವನೇ ನಾನು.

ಅವತ್ತು ಊಟದ ಹೊತ್ತು ಹತ್ತಿರವಾಗಿತ್ತು. ನೀರಿನ ತೊಟ್ಟಿ ಯಾರ್ಡಿನ ಇನ್ನೊಂದು ತುದಿಗೆ. ಟ್ಯಾಂಕಿನ ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಸುತ್ತಿಗೆಯಿಂದ ಬಡಿದೆ, ಖಾಲಿ ಸದ್ದು ಬಂತು.

"ನೀರು ತುಂಬ್ಸಬೇಕಲ್ಲಣ್ಣ" ಎಂದ ಅವನು.

"ಹುಟ್ಟಿದಾಗಿಂದ ನೀರು ಕುಡ್ದಿರೋ ಟ್ಯಾಂಕಿಗೆ ಮತ್ತೆ ನೀರ್ಯಾಕಲೇ? ಸರಪಳಿ ಹಿಡಿ."

ಅವನು ನಗುತ್ತಾ ಸರಪಳಿ ಹಿಡಿದ. ನಾನು ಕಟಿಂಗ್ ಟಾರ್ಚ್ ಹಚ್ಚಿ ಉರಿಯನ್ನು ತಗಡಿಗೆ ತಾಗಿಸಿದೆ.

ಟ್ಯಾಂಕು ಸಿಡಿದ ಸದ್ದು ನನಗೆ ಈಗಲೂ ನೆನಪಿಲ್ಲ. ಮಣ್ಣಿನಲ್ಲಿ ಬಿದ್ದಿದ್ದೆ, ಎಡಗೈಯ ಚರ್ಮ ಸುಲಿದಿತ್ತು. ಅವನು ಸ್ವಲ್ಪ ದೂರದಲ್ಲಿ ಸುಮ್ಮನೆ ಕೂತಿದ್ದ, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು. ಕೈ ತೆಗೆದಾಗ ನೋಡಿದೆ. ಅದನ್ನು ಬರೆಯಲಾರೆ. ಅವನ ಎರಡೂ ಕಣ್ಣು ಹೋದವು.

ದಿಮ್ಮಿ ರೈಲು ನಿಂತ ಮೇಲೆ ಕಾಡಿನಲ್ಲಿ ಯಾರೋ ಆ ಟ್ಯಾಂಕಿನಲ್ಲಿ ಗರಗಸದ ಯಂತ್ರದ ಪೆಟ್ರೋಲು ಇಡುತ್ತಿದ್ದರಂತೆ. ಇದು ನಮಗೆ ಆಮೇಲೆ ತಿಳಿಯಿತು.

ಸಾಹುಕಾರರು ಆಸ್ಪತ್ರೆಗೆ ಬಂದು, ಏನಾಯ್ತೆಂದು ನನ್ನನ್ನು ಕೇಳಿದರು. ನಾನು ಯೋಚಿಸಲೂ ಇಲ್ಲ. "ನೀರು ತರಾಕ ಆಗಷ್ಟೇ ಪಕ್ಕದಾಗಿಂದ ಎದ್ದಿದ್ದೆ. ಇವನು ಮುಚ್ಚಳ ಬಿಚ್ಚಿ, ಬೀಡಿ ಹಚ್ಕೊಂಡು ಒಳಗ ಬಗ್ಗಿ ನೋಡಿದ" ಎಂದೆ. ಮುಚ್ಚಳ ಹಾರಿ ಹೋಗಿತ್ತು. ಬೇರೆ ಯಾರೂ ಕಂಡವರಿರಲಿಲ್ಲ. ಅವನಿಗೆ ಆ ದಿನದ ಬೆಳಗಿನಿಂದ ಏನೂ ನೆನಪಿರಲಿಲ್ಲ. ನನ್ನ ಮಾತೇ ನಡೆದದ್ದಾಯಿತು. ನನ್ನ ಕೆಲಸ ಉಳಿಯಿತು. ಅವನು ಊರಿಗೆ ಹೋದ.

ಮುಂದಿನ ವರ್ಷ ಭತ್ತ ಕೊಯ್ಲಾದ ಮೇಲೆ ಅವನ ಹೊಲದ ಹೊಸ ಅಕ್ಕಿ ಒಂದು ಚೀಲ ನನ್ನ ಮನೆಗೆ ಬಂತು. ಅವನ ಹೆಂಡತಿಯ ತಮ್ಮ ಬಸ್ಸಿನಲ್ಲಿ ತಂದು ಕೊಟ್ಟ. ಅಲ್ಲಿಂದ ಒಂದು ವರ್ಷವೂ ತಪ್ಪಲಿಲ್ಲ. ನಾನು ಕೆಲಸ ಬಿಟ್ಟು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮಗಳ ಮನೆಗೆ ಬಂದ ಮೇಲೆ ಅಲ್ಲಿಗೂ ಬಂತು. ಹಳೇ ಸ್ನೇಹ ಮರೆತಿಲ್ಲ ಎಂದುಕೊಂಡು ಉಂಡೆ. ಅವನ ಮುಖ ನೋಡಲು ಮಾತ್ರ ಒಮ್ಮೆಯೂ ಹೋಗಲಿಲ್ಲ.

ಈ ಸಲ ಅಕ್ಕಿ ಬರಲಿಲ್ಲ, ಫೋನ್ ಬಂತು. "ತಮ್ಮನ ಕಾಲು ಮುರಿದೈತೆ ಭಾವ, ನೀವೇ ಬಂದು ಒಯ್ರಿ" ಎಂದಳು ಅವನ ಹೆಂಡತಿ. ಒಲ್ಲೆ ಎನ್ನಲು ನೆಪ ಹೊಳೆಯಲಿಲ್ಲ. ಹರಿಹರದಲ್ಲಿ ಬಸ್ಸು ಬದಲಿಸಿ ಹೋದೆ.

ಅವನು ಕಟ್ಟೆಯ ಮೇಲೆ ಕೂತಿದ್ದ. ನನ್ನ ದನಿ ಕೇಳಿ, "ಬಾರಣ್ಣ, ಮುದುಕ ಆಗೀಯೇನು? ನನಗಂತೂ ನೀನಿನ್ನೂ ಕರೀ ಮೀಸೆಯವ್ನೇ" ಎಂದು ನಕ್ಕ. ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಎಡಗೈ ಹಿಡಿದ. ಸುಟ್ಟು ಅಂಟಿಕೊಂಡ ಎರಡು ಬೆರಳನ್ನು ಸವರಿದ.

"ಇನ್ನೂ ಮಡಚಾಕ ಬರಲ್ಲೇನು?"

"ಇಲ್ಲ."

"ನನ್ನ ಒಂದು ಬೀಡಿಗೆ ನಿನ್ನ ಕೈ ಹೋತು. ನನ್ನ ಕಣ್ಣು ಬಿಡು, ನಾ ಮಾಡಿದ್ದು ನಾ ಉಂಡೆ. ನೀನೇನು ಮಾಡಿದ್ದಿ ಅಣ್ಣ?"

ಅವನ ಹೆಂಡತಿ ಒಳಗಿನಿಂದ ನೀರು ತಂದಳು. "ಅವತ್ತಿಂದ ಇವ್ರು ಬೀಡಿ ಮುಟ್ಟಿಲ್ಲ ಭಾವ. ನಿಮಗೆ ಅಕ್ಕಿ ಮುಟ್ಟಿದ ಸುದ್ದಿ ಬರೋತನ ಮನ್ಯಾಗ ಹೊಸ ಅಕ್ಕಿ ಬೇಯ್ಸಂಗಿಲ್ಲ. ಸಣ್ಣ ಮಕ್ಕಳಿದ್ದಾಗ್ಲೂ ಹಂಗೇ. ಈ ವರ್ಷ ಇನ್ನೂ ಹಳೇದೇ ಉಣ್ತಿದೀವಿ" ಎಂದಳು.

ಮೂವತ್ತು ವರ್ಷ ನಾನು ಉಂಡದ್ದು ಸ್ನೇಹವಲ್ಲ, ನನ್ನ ಸುಳ್ಳಿಗೆ ಅವನು ಕಟ್ಟಿದ ತಪ್ಪುಕಾಣಿಕೆ. ಅವನು ಇನ್ನೂ ನನ್ನ ಬೆರಳು ಸವರುತ್ತಿದ್ದ. ಕೈ ಎಳೆದುಕೊಂಡೆ.

"ಬೀಡಿಯಿಂದಲ್ಲ" ಎಂದೆ. "ನಾನು ನೀರು ತುಂಬಿಸ್ಲಿಲ್ಲ. ನೀನು ತುಂಬ್ಸು ಅಂದಿ. ಬ್ಯಾಡ ಅಂದೆ. ಟಾರ್ಚ್ ಇಟ್ಟವನು ನಾನು."

ಅವಳ ಕೈಯ ತಂಬಿಗೆ ಹಾಗೇ ನಿಂತಿತು. ಅವನು ಒಂದೇ ಕೇಳಿದ.

"ನಾ ಬೀಡಿ ಹಚ್ಚಿದ್ನೋ ಇಲ್ಲೋ?"

"ಇಲ್ಲ. ಕಿವಿ ಮೇಲೆ ಇಟ್ಕೊಂಡಿದ್ದಿ. ಊಟ ಆದಮೇಲೆ ಸೇದ್ತೀನಿ ಅಂದಿದ್ದಿ."

ಅವನ ಕೈ ತಾನಾಗಿ ಬಲಗಿವಿಯ ಮೇಲೆ ಹೋಗಿ ತಡವರಿಸಿತು, ಇನ್ನೂ ಅಲ್ಲಿದೆಯೋ ಎಂಬಂತೆ.

"ಇಷ್ಟು ವರ್ಷದ ಅಕ್ಕಿ ಗಂಟಲದಾಗ ಹೆಂಗೆ ಇಳೀತು ಭಾವ?" ಎಂದಳು ಅವಳು. ಬೈಗುಳದ ದನಿಯಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ ಹಾಗಿತ್ತು.

ಬಾಗಿಲ ಪಕ್ಕದಲ್ಲಿ ನನಗಾಗಿ ಬಾಯಿ ಹೊಲಿದಿಟ್ಟ ಚೀಲವಿತ್ತು. ಅವನು ಅತ್ತ ಮುಖ ತಿರುಗಿಸಿ, "ಅದನ್ನ ಬಿಚ್ಚು. ಇವತ್ತು ಹೊಸ ಅನ್ನ ಮಾಡು" ಎಂದ ಹೆಂಡತಿಗೆ. ಅವಳು ಕುಡುಗೋಲು ತಂದು ಹೊಲಿಗೆಯ ದಾರ ಕಡಿದಳು. ಮೊರಕ್ಕೆ ಅಕ್ಕಿ ಸುರಿದ ಸದ್ದು ಕೇಳುತ್ತಾ ಅವನು ಕೂತಿದ್ದ.

ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಖಾಲಿ ಕೈಯಲ್ಲಿ ಬಸ್ಸಿಗೆ ಬಂದು ನಿಂತಾಗ ಅವರ ಒಲೆಯ ಹೊಗೆ ಮಾಡಿನ ಮೇಲೆ ಏಳುತ್ತಿತ್ತು.