ಬಿದಿರಿನ ಬೂಷ್ಟು ಕಟ್ಟಿಕೊಂಡು ಹೋದ ಕಾತರಿನಾ

ಬಿದಿರು ಹೂಬಿಟ್ಟ ವರ್ಷ ಕಾತರಿನಾಳಿಗೆ ಹತ್ತೊಂಬತ್ತು. ಹಳಿಯಾಳದಲ್ಲಿ ಸಿಸ್ಟರುಗಳ ಶಾಲೆ ಮುಗಿಸಿ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ರಜೆಗೆ ತನ್ನೂರು ತೇರಗಾಂವಕ್ಕೆ ಬಂದಳು. ಮೂರನೆಯ ದಿನ ಬೆಳಿಗ್ಗೆ ಅಪ್ಪ ಜೇವಿಯರ್, "ಬಾ, ನಿಂಗೊಂದು ತೋರಸೋದೈತಿ" ಎಂದು ಕಾಡಿನ ಕಡೆ ನಡೆದ.

ಜೇವಿಯರ್ ಸಿದ್ದಿ ಜನದವನು, ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಬಂದು ಈ ಕಾಡಿನಲ್ಲಿ ನೆಲೆಸಿದವರ ಪೈಕಿ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಕಡಿದು ಲಾರಿಗೆ ಹೇರುವುದು ಅವನ ಕೆಲಸ. ಮೂವತ್ತು ವರ್ಷ ಕೊಡಲಿ ಹಿಡಿದ ಕೈ, ಹೆಚ್ಚು ಮಾತಿಲ್ಲದ ಬಾಯಿ. ಎರಡು ಹರದಾರಿ ನಡೆದ ಮೇಲೆ ಒಂದು ದಿನ್ನೆ ಹತ್ತಿ ನಿಂತ. ಕಣ್ಣು ಹೋದಷ್ಟು ದೂರ ಬಿದಿರು ಮೆಳೆಗಳು ಹಸಿರು ಕಳಚಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಪ್ರತಿ ಗಳದ ತುದಿಯಲ್ಲೂ ಗೊಂಚಲು ಗೊಂಚಲು ಹೂವು. ಗಾಳಿ ಬಂದರೆ ಬಿದಿರಕ್ಕಿ ಸರಸರ ಉದುರುತ್ತಿತ್ತು. ಊರ ಹೆಂಗಸರು ಮೆಳೆಯ ಬುಡ ಗುಡಿಸಿ ಮೊರದಲ್ಲಿ ಕೇರುತ್ತಿದ್ದರು.

"ನಮ್ಮಪ್ಪ ಸಣ್ಣಾಂವ ಇದ್ದಾಗ ಒಮ್ಮೆ ಹಿಂಗ ಆಗಿತ್ತಂತ," ಎಂದ ಜೇವಿಯರ್. "ಇನ್ನ ಇದು ಎಲ್ಲಾ ಸಾಯತೈತಿ. ಒಂದೂ ಉಳಿಯಂಗಿಲ್ಲ."

ಹಾಗೆಯೇ ಆಯಿತು. ಸತ್ತ ಬಿದಿರಿನಲ್ಲಿ ಕಡಿದು ಸಾಗಿಸಿದಷ್ಟು ಸಾಗಿಸಿದರು. ಉಳಿದದ್ದು ಬಿದ್ದಲ್ಲೇ ಬಿತ್ತು. ಮುಂದಿನ ಮಳೆಗಾಲ ಕಾತರಿನಾ ಅದೇ ದಿನ್ನೆಗೆ ಒಬ್ಬಳೇ ಹೋದಳು. ಬಿದ್ದ ಗಳಗಳ ಮೇಲೆಲ್ಲ ಅಣಬೆ, ಬೂಷ್ಟು. ಅರಿಶಿನದಂಥದ್ದು, ಇದ್ದಲಿನಂಥದ್ದು, ಕರುವಿನ ಕಿವಿಯ ಹಾಗೆ ಮೆತ್ತಗಿದ್ದದ್ದು, ಹಾಲು ಚೆಲ್ಲಿದ ಹಾಗೆ ಹರಡಿಕೊಂಡದ್ದು. ಒಂದು ಗಳವನ್ನು ಕಾಲಿನಿಂದ ಒತ್ತಿದಳು. ನಾಲ್ಕು ಆಳಿನ ಭಾರ ತಡೆಯುವಂಥ ಗಟ್ಟಿ ಬಿದಿರು ನೆನೆದ ರೊಟ್ಟಿಯ ಹಾಗೆ ಕುಸಿಯಿತು. ಅಷ್ಟು ದೊಡ್ಡ ಕಾಡನ್ನು ಸದ್ದಿಲ್ಲದೆ ತಿಂದು ಮಣ್ಣು ಮಾಡುತ್ತಿರುವವರು ಯಾರು? ಮಳೆಯಲ್ಲಿ ತೊಯ್ಯುತ್ತ ಅವಳು ಅಲ್ಲೇ ಕೂತುಬಿಟ್ಟಳು. ಮುಂದೆ ಏನು ಓದಬೇಕೆಂಬುದು ಆವತ್ತೇ ಗಟ್ಟಿಯಾಯಿತು.

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ದಾಂಡೇಲಿಯ ಬಂಗೂರನಗರದ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿತು. ಜೊತೆಗೆ ಧಾರವಾಡದ ಅಂದಾನೆಪ್ಪ ಸರ್ ಕೈಕೆಳಗೆ ಪಿಎಚ್.ಡಿ.ಗೆ ಹೆಸರು ಹಚ್ಚಿದಳು. ಬಿದಿರನ್ನು ಕೊಳೆಸುವ ಶಿಲೀಂಧ್ರಗಳು, ಅಂದರೆ ಅಣಬೆ ಮತ್ತು ಬೂಷ್ಟುಗಳು, ಅವಳ ವಿಷಯ. ಶನಿವಾರ ಮಧ್ಯಾಹ್ನ ಪ್ರಾಕ್ಟಿಕಲ್ ಮುಗಿದದ್ದೇ ಜೋಯಿಡಾ ಕಡೆಯ ಬಸ್ಸು ಹತ್ತುವಳು. ಭಾನುವಾರ ಸಂಜೆ ಹೊತ್ತಿಗೆ ಚೀಲದ ತುಂಬ ಕೊಳೆತ ಬಿದಿರಿನ ತುಂಡು. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಜಾಗ ಬದಲಿಸುತ್ತಿದ್ದರು. ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಅವನ್ನು ಒಣಗಿಸಿ, ಹಳೆ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲೆ ನಂಬರು ಬರೆದಿಡುತ್ತಿದ್ದಳು.

ಮೂರು ವರ್ಷಕ್ಕೆ ಇನ್ನೂರ ಹದಿಮೂರು ಪೊಟ್ಟಣ ಆದವು. ಹೆಸರು ಗೊತ್ತಾದದ್ದು ನಲವತ್ತಕ್ಕೆ ಮಾತ್ರ. ಉಳಿದವನ್ನು ಒಂದರಿಂದ ಒಂದು ಬೇರೆ ಮಾಡುವುದೇ ಅವಳಿಗೆ ಬರುತ್ತಿರಲಿಲ್ಲ. ಲೈಬ್ರರಿಯ ಪುಸ್ತಕ ಅವಳ ಅಪ್ಪನಿಗಿಂತ ಹಳೆಯದು, ಅದರ ಚಿತ್ರಗಳು ಅರ್ಧ ಅಳಿಸಿಹೋಗಿದ್ದವು. ಒಂದು ದಿನ ಪೊಟ್ಟಣಗಳನ್ನೆಲ್ಲ ಅಂದಾನೆಪ್ಪ ಸರ್ ಮೇಜಿನ ಮೇಲೆ ಹರಡಿದಳು. ಅವರು ಒಂದೊಂದನ್ನೇ ಎತ್ತಿ ನೋಡಿ, ಕನ್ನಡಕ ತೆಗೆದಿಟ್ಟರು.

"ಖರೆ ಹೇಳ್ತೇನಿ ಕಾತರಿನಾ. ಇವು ನಂಗೂ ಗೊತ್ತಿಲ್ಲ. ಕಲಸೂವಂಥವರು ನಮ್ಮ ದೇಶದಾಗ ಒಬ್ಬಿಬ್ಬರು ಇದ್ದರೂ ಇದ್ದಾರು. ಆದರ ಇದಕ್ಕಂತನ ಆರು ವಾರದ ಒಂದು ಕೋರ್ಸು ಹಾಲೆಂಡಿನಾಗ ನಡಿತೈತಿ."

"ಹಾಲೆಂಡು ಅಂದ್ರ ನಮಗ ಆಗೋ ಮಾತೇನ್ರಿ ಸರ?"

ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಹಲವು ದೇಶದ ವಿಜ್ಞಾನಿಗಳು ಸೇರಿ ಕಟ್ಟಿಕೊಂಡ ಒಂದು ಸಂಘದ ಸುತ್ತೋಲೆ ಅದು. ಸಂಶೋಧನೆಗೆ ಇಳಿದು ಐದು ವರ್ಷ ದಾಟದವರಿಗೆ, ತಮ್ಮ ದೇಶದಲ್ಲಿ ಸಿಗದ ತರಬೇತಿಗೆ ಹೊರದೇಶಕ್ಕೆ ಹೋಗಬೇಕಾದವರಿಗೆ, ವಿಮಾನದ ಟಿಕೆಟ್ಟು, ಊಟ, ವಸತಿ, ಫೀಸು ಎಲ್ಲ ಆ ಸಂಘವೇ ಕೊಡುತ್ತಿತ್ತು. ಸದಸ್ಯರು ವರ್ಷವರ್ಷ ಹಾಕುವ ಚಂದಾ ಹಣ ಅದು. ಅರ್ಜಿಯ ಜೊತೆ ಗುರುಗಳ ಪತ್ರ ಬೇಕು, ಕೋರ್ಸಿನವರ ಒಪ್ಪಿಗೆ ಬೇಕು. ಕೊನೆಗೆ ಒಂದೇ ಪುಟದಲ್ಲಿ ಉತ್ತರಿಸಬೇಕಾದ ಪ್ರಶ್ನೆ: ಕಲಿತು ಮರಳಿದ ಮೇಲೆ ಏನು ಮಾಡುತ್ತೀರಿ?

ಆ ಪುಟವನ್ನು ಕಾತರಿನಾ ಮೂರು ಸಲ ಬರೆದು ಹರಿದಳು. ಮೊದಲಿನದರಲ್ಲಿ ದೇಶದ ಪ್ರಗತಿ ಇತ್ತು, ಎರಡನೆಯದರಲ್ಲಿ ಕಾಗದ ಉದ್ಯಮ ಇತ್ತು. ಮೂರನೆಯದನ್ನು ಓದಿದರೆ ಅವಳಿಗೇ ನಾಚಿಕೆಯಾಯಿತು. ನಾಲ್ಕನೆಯ ಸಲ ಸತ್ತ ಬಿದಿರಿನ ದಿನ್ನೆಯನ್ನು ಬರೆದಳು. ಇನ್ನೂರ ಹದಿಮೂರು ಪೊಟ್ಟಣಗಳಲ್ಲಿ ನೂರ ಎಪ್ಪತ್ಮೂರಕ್ಕೆ ಹೆಸರು ಗೊತ್ತಿಲ್ಲ ಎಂದು ಬರೆದಳು. ಕಲಿತದ್ದನ್ನು ಈ ಕಾಡಿನ ಸುತ್ತಲಿನ ಹುಡುಗ ಹುಡುಗಿಯರಿಗೆ ಕಲಿಸುತ್ತೇನೆ, ಯಾಕೆಂದರೆ ಈಗ ಇಲ್ಲಿ ಕಲಿಸುವವರು ಯಾರೂ ಇಲ್ಲ, ಎಂದು ಮುಗಿಸಿದಳು.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು, ಖರ್ಚೆಲ್ಲ ಕೊಡಲು ಸಂಘ ಒಪ್ಪಿತ್ತು. ಪತ್ರ ಹಿಡಿದು ಅವಳು ತೇರಗಾಂವಕ್ಕೆ ಹೋದಾಗ ಜೇವಿಯರ್ ಅಂಗಳದಲ್ಲಿ ಕೊಡಲಿ ಮಸೆಯುತ್ತಿದ್ದ. ಅವಳು ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ಅವರು ನಿನ್ನ ನೋಡ್ಯಾರ?" ಎಂದು ಕೇಳಿದ.

"ಇಲ್ಲ ಪಾಯ್." ಅಪ್ಪನನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

"ಅವರಿಗೆ ನಿಮ್ಮ ಸರ್ ಗುರ್ತದಾರೇನು?"

"ಇಲ್ಲ."

"ಮತ್ತ ಯಾಕ ಕೊಡ್ತಾರ?"

"ನಾ ಬರದ ಹಾಳಿ ಓದ್ಯಾರ."

ಜೇವಿಯರ್ ಕೊಡಲಿ ಕೆಳಗಿಟ್ಟ. "ಒಂದ ಹಾಳಿ ಓದಿ?" ಎಂದ. ಲಾರಿ ತುಂಬ ಬಿದಿರು ಹೇರಿದರೂ ಎರಡೆರಡು ಸಲ ಎಣಿಸದೆ ಕೂಲಿ ಕೊಡದ ಲೋಕ ಅವನಿಗೆ ಗೊತ್ತಿತ್ತು. ಮುಖ ನೋಡದೆ, ಒಂದು ಹಾಳೆಯ ಮಾತು ನಂಬಿ ತನ್ನ ಮಗಳನ್ನು ಸಮುದ್ರದಾಚೆ ಕರೆಯುವ ಜನ ಇದ್ದಾರೆಂಬುದು ಅವನ ತಲೆಯೊಳಗೆ ಇಳಿಯಲು ವಾರವೇ ಹಿಡಿಯಿತು. ಆಮೇಲೆ ಊರವರಿಗೆ ಅವನೇ ಹೇಳತೊಡಗಿದ, "ಹಾಳಿ ಓದಿ ಕರದಾರ" ಎಂದು.

ಪಾಸ್‌ಪೋರ್ಟಿನ ವಿಚಾರಣೆಗೆ ಹೆಡ್ ಕಾನ್ಸ್‌ಟೇಬಲ್ ಚನಬಸಪ್ಪ ಸೈಕಲ್ ಮೇಲೆ ಬಂದ. ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದವನು. ಸಿದ್ದಿ ಜನರನ್ನು ಹತ್ತಿರದಿಂದ ಕಂಡವನಲ್ಲ. ಜೇವಿಯರನ ಗುಂಗುರು ಕೂದಲು, ಕಪ್ಪು ಮುಖ ನೋಡಿ ಸಂಕೋಚದಿಂದಲೇ ಕೇಳಿದ.

"ತಪ್ಪ ತಿಳಕೋಬ್ಯಾಡ್ರಿ. ನೀವು ಮೂಲ ಎಲ್ಲಿಯವರ್ರಿ?"

"ಇಲ್ಲಿಯವರ."

"ಅದಕ್ಕೂ ಮೊದಲ?"

ಜೇವಿಯರ್ ಸಿಟ್ಟಾಗಲಿಲ್ಲ. "ಬರ್ರಿ" ಎಂದು ಇಗರ್ಜಿಯ ಹಿಂದಿನ ಸಮಾಧಿಗಳ ಜಾಗಕ್ಕೆ ಕರೆದೊಯ್ದ. "ಇದು ನಮ್ಮಪ್ಪ. ಇದು ನಮ್ಮಜ್ಜ. ಇಕಿ ಅಜ್ಜನ ಅವ್ವ. ಅಕಿಗಿಂತ ಹಿಂದಿನವರದು ಕಟಗಿ ಶಿಲುಬಿ ಇತ್ರಿ, ಗೆದ್ದಲ ತಿಂದೈತಿ." ಚನಬಸಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತು ವರದಿ ಬರೆದ. ಹೋಗುವಾಗ ಕಾತರಿನಾಳಿಗೆ, "ಚೊಲೋತ್ನಂಗ ಕಲ್ತು ಬರ್ರಿ ಬಾಯಾರ" ಎಂದ.

ಎಂಬತ್ತಮೂರರ ಸೆಪ್ಟೆಂಬರಿನಲ್ಲಿ ಅವಳು ಹೊರಟಳು. ಸಿಸ್ಟರುಗಳು ಹೆಣೆದುಕೊಟ್ಟ ಸ್ವೆಟರು, ಅಂದಾನೆಪ್ಪ ಸರ್ ಕೋಟು, ಅನುಮತಿ ಪತ್ರ ಹಚ್ಚಿದ ಪೆಟ್ಟಿಗೆಯ ತುಂಬ ಪೊಟ್ಟಣಗಳು. ಮುಂಬಯಿಯಿಂದ ವಿಮಾನ ಮೇಲೆದ್ದಾಗ ಕಿಟಕಿಯಿಂದ ಮೋಡದ ಬೆನ್ನು ಕಂಡಿತು. ಇಷ್ಟು ವರ್ಷ ಕೆಳಗಿನಿಂದ ನೋಡಿದ ಮಳೆಗಾಲಕ್ಕೆ ಹೀಗೊಂದು ಬೆಳ್ಳಗಿನ ಮೇಲ್ಮೈ ಇರುತ್ತದೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಹಾಲೆಂಡಿನಲ್ಲಿ ಮೊದಲ ವಾರ ಅವಳಿಗೆ ಅಳು ಬರುವುದೊಂದೇ ಬಾಕಿ. ಕೋರ್ಸಿನಲ್ಲಿ ಒಂಬತ್ತು ದೇಶದ ಹನ್ನೊಂದು ಜನ. ಬೇರೆಯವರು ಸರಾಗವಾಗಿ ತಿರುಗಿಸುತ್ತಿದ್ದ ಉಪಕರಣಗಳನ್ನು ಅವಳು ಚಿತ್ರದಲ್ಲಿ ಮಾತ್ರ ನೋಡಿದ್ದಳು. ಎರಡನೆಯ ದಿನವೇ ಅವಳ ಕೈಯಿಂದ ಒಂದು ದುಬಾರಿ ಮಸೂರಕ್ಕೆ ಗೀರು ಬಿತ್ತು. ಕೋರ್ಸು ನಡೆಸುತ್ತಿದ್ದ ಪ್ರೊಫೆಸರ್ ಬೆಳ್ಳಿ ಕೂದಲಿನ ಎತ್ತರದ ಹೆಂಗಸು. ಗೀರು ನೋಡಿ, "ನಾನು ನಿನ್ನ ವಯಸ್ಸಿನಲ್ಲಿ ಮೂರು ಕೆಡಿಸಿದ್ದೆ" ಎಂದಷ್ಟೇ ಹೇಳಿ, ತನ್ನ ಮಸೂರ ತಂದು ಕೂರಿಸಿಕೊಟ್ಟಳು.

ಪಕ್ಕದ ಮೇಜಿನಲ್ಲಿ ತಾಂಜಾನಿಯಾದಿಂದ ಬಂದಿದ್ದ ಹೆಂಗಸು ಮೊದಲ ದಿನವೇ ಕಾತರಿನಾಳನ್ನು ತನ್ನ ಭಾಷೆಯಲ್ಲಿ ಮಾತಾಡಿಸಿದ್ದಳು. ತಿಳಿಯಲಿಲ್ಲವೆಂದಾಗ ಇಂಗ್ಲಿಷಿಗೆ ತಿರುಗಿ, "ಯಾವ ದೇಶ?" ಎಂದಳು. ಇಂಡಿಯಾ ಎಂದಾಗ ನಂಬಲಿಲ್ಲ. "ನೀನು ನನ್ನ ಚಿಕ್ಕಮ್ಮನ ಮಗಳ ಹಾಗೇ ಇದ್ದೀ. ನಿಮ್ಮವರು ಅಲ್ಲಿಗೆ ಹೇಗೆ ಹೋದರು?"

"ಯಾರೂ ಬರೆದಿಟ್ಟಿಲ್ಲ" ಎಂದಳು ಕಾತರಿನಾ. ಆ ಹೆಂಗಸು ಅವಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಆಮೇಲೆ ಆರು ವಾರವೂ ಇಬ್ಬರೂ ಒಟ್ಟಿಗೇ ಊಟಕ್ಕೆ ಹೋದರು.

ಮೂರನೆಯ ವಾರ ಪ್ರೊಫೆಸರ್ ಎಲ್ಲರನ್ನೂ ನೆಲಮಾಳಿಗೆಗೆ ಕರೆದೊಯ್ದಳು. ತಣ್ಣನೆಯ ಉದ್ದ ಕೋಣೆ. ಗೋಡೆಯಿಂದ ಗೋಡೆಗೆ ಕಪಾಟು, ಕಪಾಟಿನ ತುಂಬ ಬೆರಳುದ್ದದ ಗಾಜಿನ ಕೊಳವೆಗಳು. ಒಂದೊಂದರಲ್ಲೂ ಒಂದೊಂದು ಶಿಲೀಂಧ್ರ, ಜೀವಂತ. ನಿದ್ದೆ ಮಾಡುವ ಹಾಗೆ ಇರಿಸಿದ್ದಾರೆ, ನೀರು ಆಹಾರ ಕೊಟ್ಟರೆ ಮತ್ತೆ ಬೆಳೆಯುತ್ತವೆ ಎಂದು ಅವಳು ವಿವರಿಸಿದಳು. ಕಾತರಿನಾ ಚೀಟಿಗಳನ್ನು ಓದುತ್ತ ನಡೆದಳು. ಜಾವಾ, ೧೯೨೧. ಪೆರು, ೧೯೩೪. ಲೋಕದ ಯಾವ ಯಾವುದೋ ಮೂಲೆಯಲ್ಲಿ ಯಾರೋ ಬಗ್ಗಿ ಎತ್ತಿಕೊಂಡದ್ದು, ಎತ್ತಿಕೊಂಡವರು ತೀರಿಹೋದ ಮೇಲೂ ಇಲ್ಲಿ ಉಸಿರು ಹಿಡಿದುಕೊಂಡಿತ್ತು. ದನಿ ಎತ್ತಿದರೆ ಎಚ್ಚರಾದಾವೇನೋ ಎಂಬಂತೆ ಅವಳು ಹೆಜ್ಜೆ ಸಣ್ಣ ಮಾಡಿದಳು.

ತನ್ನ ಸಂಗ್ರಹದಲ್ಲಿ ಹೊಸದು ಇದ್ದರೆ ಅದು ಅರಿಶಿನ ಬಣ್ಣದ ಚಂದದ ಅಣಬೆಯೇ ಎಂದು ಅವಳಿಗೆ ಖಾತ್ರಿಯಿತ್ತು. ಅದು ನೂರು ವರ್ಷದ ಹಿಂದೆಯೇ ಹೆಸರಿಟ್ಟ ಜಾತಿ ಎಂದು ಒಂದೇ ಗಂಟೆಯಲ್ಲಿ ಗೊತ್ತಾಯಿತು. ಪ್ರೊಫೆಸರ್ ಉಳಿದ ಪೊಟ್ಟಣ ಬಿಚ್ಚುತ್ತ ಎಂಬತ್ತೇಳನೆಯದರಲ್ಲಿ ನಿಂತಳು. ಬಿದಿರ ತುಂಡಿನ ಮೇಲೆ ಕಂದು ಕಲೆ, ಅಷ್ಟೇ. ಚಾ ಚೆಲ್ಲಿದ ಹಾಗಿತ್ತು. ಎಸೆಯಬೇಕೆಂದುಕೊಂಡು ಮರೆತದ್ದು ಅದು.

ಅದರ ಚಿಟಿಕೆ ಪುಡಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹೊಟ್ಟೆಯೊಳಗಿಟ್ಟರು. ಆಳೆತ್ತರದ ಯಂತ್ರ, ಗುಂಯ್‌ಗುಡುವ ಸದ್ದು, ಹಸಿರು ಬೆಳಕಿನ ಪರದೆ. ಮೊದಲು ಮಂಜು ಕಂಡಿತು. ಪ್ರೊಫೆಸರ್ ಗುಂಡಿ ತಿರುಗಿಸಿದಳು. ಮಂಜು ಸರಿದು ಬೀಜಾಣು ತೇಲಿ ಬಂತು. ಶಿಲೀಂಧ್ರ ಹುಟ್ಟುವ ಬೀಜದ ಕಣ, ಸಾವಿರ ಕೂಡಿಸಿದರೂ ಸಾಸಿವೆಯಷ್ಟಾಗದು. ಅದರ ಮೈಮೇಲೆ ಏಣುಗಳ ಬಲೆ, ಬಲೆಯ ಕಣ್ಣು ಕಣ್ಣಿನಲ್ಲೂ ಒಂದೊಂದು ಗುಳಿ, ಗುಳಿಯ ಸುತ್ತ ಸಣ್ಣ ಮುಳ್ಳಿನ ಸಾಲು. ಯಾವ ಅಕ್ಕಸಾಲಿಗನ ಕೈಗೂ ಬಾರದ ಕುಸುರಿ. ಯಾರಾದರೂ ನೋಡಲಿ ಎಂದು ಮಾಡಿದ್ದಲ್ಲ, ಈ ಪರದೆ ಇರದಿದ್ದರೆ ಯಾರೂ ನೋಡುತ್ತಲೂ ಇರಲಿಲ್ಲ. ಆ ದಿನ್ನೆಯ ಮಣ್ಣಿನಲ್ಲಿ ತಾನು ಇಂಥವನ್ನು ಕೋಟಿಗಟ್ಟಲೆ ತುಳಿದುಕೊಂಡು ನಡೆದಿದ್ದೆನಲ್ಲ ಎಂದುಕೊಂಡಳು. ಕಾಲ ಬೆರಳುಗಳು ತಾವಾಗಿ ಒಳಗೆ ಮಡಚಿಕೊಂಡವು.

ಪ್ರೊಫೆಸರ್ ಎದ್ದುಹೋಗಿ ಇನ್ನಿಬ್ಬರು ಹಿರಿಯರನ್ನು ಕರೆತಂದಳು. ಮೂವರೂ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು. ಆಮೇಲೆ ಕಾತರಿನಾಳ ಕಡೆ ತಿರುಗಿದರು.

"ಇದನ್ನು ನಾವು ನೋಡಿಲ್ಲ," ಎಂದಳು ಪ್ರೊಫೆಸರ್. "ಇನ್ನೂ ಹೋಲಿಸಿ ನೋಡಬೇಕು, ಅವಸರ ಬೇಡ. ಆದರೆ ನಾವು ಯಾರೂ ನೋಡಿಲ್ಲ. ಎಲ್ಲಿಯದು?"

"ದಾಂಡೇಲಿ."

"ಅಕ್ಷರ ಹೇಳು." ಕಾತರಿನಾ ಒಂದೊಂದೇ ಅಕ್ಷರ ಹೇಳಿದಳು. ಪ್ರೊಫೆಸರ್ ದಪ್ಪ ರಿಜಿಸ್ಟರಿನಲ್ಲಿ ನಿಧಾನವಾಗಿ ಬರೆದುಕೊಂಡಳು.

ಹೋಲಿಸಿ ನೋಡುವುದಕ್ಕೆ ಮತ್ತೆರಡು ವರ್ಷ ಹಿಡಿಯಿತು. ಆ ಕಂದು ಕಲೆ ಕೊನೆಗೆ ಹೊಸ ಜಾತಿಯೇ ಎಂದಾಯಿತು. ಅದರ ಬಗ್ಗೆ ಬರೆದ ಲೇಖನದಲ್ಲಿ ಅಂದಾನೆಪ್ಪ ಸರ್ ತಮ್ಮ ಹೆಸರನ್ನು ಅವಳ ಹೆಸರಿನ ನಂತರ ಹಾಕಿಸಿದರು. ಪೊಟ್ಟಣಗಳಲ್ಲಿ ಒಟ್ಟು ನೂರ ಅರವತ್ತಕ್ಕೆ ಹೆಸರು ಸಿಕ್ಕಿತು. ಉಳಿದವು ಹಾಗೇ ಉಳಿದವು, ಅದಕ್ಕೆ ಅವಳು ಬೇಸರಪಟ್ಟುಕೊಳ್ಳಲಿಲ್ಲ. ಪಿಎಚ್.ಡಿ. ಆಯಿತು, ಅದೇ ಕಾಲೇಜಿನಲ್ಲಿ ಲೆಕ್ಚರರ್ ಆದಳು. ಧಾರವಾಡದಿಂದ ಕೆಲಸಕ್ಕೆ ಕರೆ ಬಂದಾಗ, ಕಾಡು ದೂರ ಆಗತೈತಿ ಎಂದು ಹೋಗಲಿಲ್ಲ.

ಎಂಬತ್ತಾರರ ಜುಲೈನಲ್ಲಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಣಬೆ, ಬೂಷ್ಟು ಗುರುತಿಸುವ ನಾಲ್ಕು ದಿನದ ತರಬೇತಿ ಇಟ್ಟಳು. ಹದಿನಾಲ್ಕು ಹುಡುಗ ಹುಡುಗಿಯರು ಬಂದರು, ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯವರು. ಇದ್ದದ್ದು ಮೂರೇ ಮೈಕ್ರೋಸ್ಕೋಪು, ಅದರಲ್ಲೊಂದಕ್ಕೆ ಕನ್ನಡಿ ಸಡಿಲ. ಬೆಳಿಗ್ಗೆ ಕಾಡಿಗೆ ಹೋಗಿ ತಂದದ್ದನ್ನು ಮಧ್ಯಾಹ್ನ ಸರದಿಯಲ್ಲಿ ನೋಡಬೇಕು. ಚಿಗಳ್ಳಿಯಿಂದ ಬಂದಿದ್ದ ಗುರುಬಸವ್ವ ಎಂಬ ಹುಡುಗಿ ಮೂರು ದಿನವೂ ಎಲ್ಲರ ಹಿಂದೆಯೇ ನಿಂತಿದ್ದಳು. ನಾಲ್ಕನೆಯ ದಿನ ಕಾತರಿನಾ ಅವಳ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು. ಹುಡುಗಿ ಕಣ್ಣು ಹಚ್ಚಿದಳು. ಹಿಂದಿನವರು ಸರದಿ ಸರದಿ ಅಂದರೂ ತಲೆ ಎತ್ತಲಿಲ್ಲ.

"ಏನ್ ಕಾಣತೈತಿ?" ಎಂದು ಕಾತರಿನಾ ಮೆಲ್ಲಗೆ ಕೇಳಿದಳು.

"ತಡೀರಿ ಬಾಯಾರ," ಎಂದಳು ಗುರುಬಸವ್ವ, ಕಣ್ಣು ತೆಗೆಯದೆ. "ಇನ್ನೂ ಮುಗಿದಿಲ್ರಿ."

ಕಾತರಿನಾ ಸರದಿಯಲ್ಲಿದ್ದವರನ್ನು ಉಳಿದೆರಡು ಮೇಜಿಗೆ ಕಳಿಸಿದಳು.