ಜಯಸಿಂಹರ ಜೀಪು, ವಾಸಂತಮ್ಮನ ಪುಡಿ

ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನ ಹಿಂದಿನ ಬಡಾವಣೆಯಲ್ಲಿ ವಾಸಂತಮ್ಮನ ಮನೆ ಎಲ್ಲಿ ಎಂದು ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ. ಜೀಪಿನ ಮನೆ ಎಂದರೆ ಸಣ್ಣ ಮಕ್ಕಳೂ ಕೈ ತೋರಿಸುತ್ತವೆ. ಇದು ವಾಸಂತಮ್ಮನಿಗೆ ಮೊದಲಿನಿಂದಲೂ ಉರಿ. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವವರು ಅವರು, ತುಳಸಿಗೆ ದೀಪ ಹಚ್ಚುವವರು ಅವರು, ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಕಳಿಸುವವರು ಅವರು. ಹೆಸರು ಮಾತ್ರ ಮೂಲೆಯಲ್ಲಿ ನಿಂತ ಆ ಹಸಿರು ತಗಡಿಗೆ.

ಜೀಪು ಅವರ ಮದುವೆಗಿಂತ ಹಳೆಯದು. ಗಂಡ ಜಯಸಿಂಹರು ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದವರು. ಕೆಲಸ ಸಿಕ್ಕ ಹೊಸತರಲ್ಲಿ ಮಿಲಿಟರಿಯವರು ಹರಾಜಿಗಿಟ್ಟ ಜೀಪೊಂದನ್ನು ತಂದು, ಕೆಟ್ಟದ್ದನ್ನೆಲ್ಲ ಕೈಯಾರೆ ಸರಿಮಾಡಿಕೊಂಡರು. ಮದುವೆಯಾಗಿ ಬಂದ ಮೊದಲ ವಾರವೇ ವಾಸಂತಮ್ಮನಿಗೆ ತಿಳಿದುಹೋಯಿತು, ತನಗಿಂತ ಮುಂಚೆ ಈ ಮನೆಗೊಬ್ಬ ಸವತಿ ಬಂದು ಕೂತಿದ್ದಾಳೆ ಎಂದು.

ಆಗೆಲ್ಲ ತಿಂಗಳಿಗೊಮ್ಮೆ ಶನಿವಾರ ಶಿಫ್ಟ್ ಮುಗಿದ ಮೇಲೆ ಜಯಸಿಂಹರು ಜೀಪು ಹೊರಡಿಸುತ್ತಿದ್ದರು. ಜೊತೆಗೆ ಕಾರ್ಖಾನೆಯ ನಾಲ್ಕಾರು ಗೆಳೆಯರು, ಪಕ್ಕದ ಹಳ್ಳಿಯ ಜಮೀನ್ದಾರ ರಾಮಾಂಜಿನಪ್ಪ. ಹೋಗುವುದು ದೇವರಾಯನದುರ್ಗಕ್ಕೆ, ನರಸಿಂಹಸ್ವಾಮಿಯ ದರ್ಶನಕ್ಕೆ. "ಬೆಟ್ಟದ ಮೇಲೆ ನಾವೇ ಬಿಸಿಬೇಳೆಭಾತ್ ಮಾಡ್ಕೋತೀವಿ ಕಣೇ, ಒಂದಿಷ್ಟು ಪುಡಿ ಕೊಡು. ನಮ್ಮೋರಿಗೆ ಖಾರ ಬೇಕು, ಲವಂಗ ಮೆಣಸು ಸ್ವಲ್ಪ ಮುಂದಾಗೇ ಇರ್ಲಿ" ಎನ್ನುತ್ತಿದ್ದರು. ವಾಸಂತಮ್ಮ ಸ್ನಾನ ಮಾಡಿ ಮಡಿಯುಟ್ಟು, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಕೊತ್ತಂಬರಿ ಎಲ್ಲವನ್ನೂ ಹದವಾಗಿ ಹುರಿದು, ಒರಳಲ್ಲಿ ಕುಟ್ಟಿ ಡಬ್ಬಿ ತುಂಬಿಸಿ ಕೊಡುತ್ತಿದ್ದರು. ದೇವರ ಬೆಟ್ಟಕ್ಕೆ ಹೋಗುವ ಪುಡಿಯಲ್ಲವೇ? ಭಾನುವಾರ ಸಂಜೆ ಗಂಡ ತಂದ ಕುಂಕುಮವನ್ನು ಕಣ್ಣಿಗೊತ್ತಿಕೊಂಡು ಹಣೆಗಿಟ್ಟುಕೊಳ್ಳುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿ ಹೊಸಿಲು ದಾಟದ ಮನೆ ಅದು.

ಆ ಮನೆಯಲ್ಲಿ ಮಕ್ಕಳಾಗಲಿಲ್ಲ. ಆಗಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಒಂದು ಮೂರು ತಿಂಗಳಿಗೆ ಹೋಯಿತು. ಇನ್ನೊಂದು ಏಳು ತುಂಬಿದ ಮೇಲೆ, ಸೀಮಂತದ ಹಸಿರು ಬಳೆ ಕೈಯಲ್ಲಿರುವಾಗಲೇ ಹೋಯಿತು. ಅತ್ತೆ ಇಬ್ಬರನ್ನೂ ಜೋಯಿಸರ ಹತ್ತಿರ ಎಳೆದುಕೊಂಡು ಹೋದರು. ಜೋಯಿಸರು ಕವಡೆ ಹಾಕಿ, "ಜೀವಹತ್ಯೆಯ ದೋಷ ಕಾಣ್ತಿದೆ. ಮನೆಯಲ್ಲಿ ಯಾರಾದರೂ ಮಾಡಿದ್ದುಂಟೋ?" ಎಂದು ಕೇಳಿದರು. ವಾಸಂತಮ್ಮ ತಟ್ಟನೆ, "ಇಲ್ಲ, ಇವರು ಜಿರಳೇನೂ ಹೊಡೆಯೋರಲ್ಲ" ಎಂದರು. ಹಾಗಿದ್ದರೆ ಹೆಂಗಸಿನ ಪೂರ್ವಜನ್ಮದ್ದೇ ಇರಬೇಕು ಎಂದು ಜೋಯಿಸರು ತೀರ್ಮಾನ ಮಾಡಿಬಿಟ್ಟರು.

ಮುಗಿಯಿತು. ಅವತ್ತಿನಿಂದ ತಾನು ಸಾಯುವವರೆಗೂ ಅತ್ತೆ ಬಂದವರೆದುರೆಲ್ಲ, "ಇವಳ ಪಾಪ, ನನ್ನ ಮಗನಿಗೆ ಅಂಟಿಕೊಳ್ತು" ಎಂದರು. ಬಂಧುಗಳ ಮನೆಯ ಸೀಮಂತಗಳಲ್ಲಿ ವಾಸಂತಮ್ಮ ಅಡುಗೆಮನೆಯಲ್ಲೇ ಉಳಿದರು, ಆರತಿಗೆ ಯಾರೂ ಕರೆಯಲಿಲ್ಲ. ಪೂಜೆ, ವ್ರತ, ಒಪ್ಪತ್ತು, ಯಾವುದನ್ನೂ ಬಿಡಲಿಲ್ಲ. ದೇವರೆದುರು ಕೇಳಿದ್ದು ಒಂದೇ ಮಾತು: ನಾನು ಏನು ತಪ್ಪು ಮಾಡಿದೆ? ಎಪ್ಪತ್ತು ದಾಟಿದ ಮೇಲೂ ಆ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ.

ಇಂಥ ಮನೆಯ ಮಹಡಿಗೆ ಬಾಡಿಗೆಗೆ ಬಂದವನು ಚಿನ್ಮಯ್. ವಾರದಲ್ಲಿ ಎರಡು ದಿನ ವೈಟ್‌ಫೀಲ್ಡಿನ ಆಫೀಸಿಗೆ ಹೋಗುತ್ತಾನೆ, ಉಳಿದ ದಿನ ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ, ಬಿಡುವಾದಾಗಲೆಲ್ಲ ಕೆಳಗಿಳಿದು ಜೀಪನ್ನು ಸವರುತ್ತಾನೆ. ಹಳೆಯ ಜೀಪುಗಳ ಹುಚ್ಚಿರುವವರದೊಂದು ಸಂಘವೇ ಇದೆಯಂತೆ. ಬೇಟೆಗೆಂದು ಕಾಡು ಸುತ್ತಿದ ಹಿಂದಿನ ಕಾಲದ ಗಾಡಿಗಳೆಂದರೆ ಅವರಿಗೆ ಪ್ರಾಣ. ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರ ಪಾರ್ಕಿಂಗಿನಲ್ಲಿ ಭಾನುವಾರ ಅವರ ಮೇಳ. "ಸಾರ್, ನಿಮ್ ಜೀಪ್ ಇಲ್ದೆ ಮೇಳಾನೇ ಇಲ್ಲ. ಮೇಡಂನೂ ಕರ್ಕೊಂಡ್ ಬರ್ಬೇಕು" ಎಂದು ಗಂಟುಬಿದ್ದ.

ಜಯಸಿಂಹರು ಮೊದಲು ಬೇಡವೆಂದರು, ಆಮೇಲೆ ಹೂಂ ಎಂದರು. ವಾಸಂತಮ್ಮನನ್ನು ಕರೆದುಕೊಂಡು ಹೋಗುವ ಮಾತಿಗೆ ಮಾತ್ರ ಸ್ವಲ್ಪ ತಡವರಿಸಿದರು. "ಬಿಸಿಲು ಕಣೇ, ನಿನಗ್ಯಾಕೆ?" ಎಂದರು. ಹಾಗೆಂದ ಕ್ಷಣವೇ ವಾಸಂತಮ್ಮ ಹೋಗಲೇಬೇಕೆಂದು ನಿರ್ಧರಿಸಿದರು. ಆ ಜೀಪಿನಲ್ಲಿ ಅವರು ಕೂತದ್ದು ಮಾರುಕಟ್ಟೆಗೆ, ಆಸ್ಪತ್ರೆಗೆ, ಅತ್ತೆಯ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ, ಅಷ್ಟೇ. ಭಾನುವಾರ ನೇರಳೆ ಬಣ್ಣದ ರೇಷ್ಮೆ ಸೀರೆಯುಟ್ಟು, ಡಬ್ಬಿಯಲ್ಲಿ ಮೊಸರನ್ನ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು.

ಮೇಳದ ಅಬ್ಬರ ನೋಡಿ ಅವರಿಗೆ ನಗು ಬಂತು. ಲಕ್ಷಗಟ್ಟಲೆ ಸುರಿದು ಕೊಂಡ ಹೊಸ ಗಾಡಿಗಳಿಗೆ ಬೇಕೆಂದೇ ಕೆಸರು ಮೆತ್ತಿಸಿಕೊಂಡು ಬಂದಿದ್ದರು ಹುಡುಗರು. ಅವುಗಳ ನಡುವೆ ಜಯಸಿಂಹರ ಜೀಪು ನಿಂತದ್ದೇ ತಡ, ಫೋಟೋ ತೆಗೆಯುವವರು ಮುಗಿಬಿದ್ದರು. ಯಾರೋ ವಾಸಂತಮ್ಮನಿಗೂ ಕಪ್ಪು ಕನ್ನಡಕ ಹಾಕಿಸಿ ಸ್ಟಿಯರಿಂಗ್ ಮುಂದೆ ಕೂರಿಸಿದರು. ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಭಾಷಣ. ಚಿನ್ಮಯ್ ಯಾರಿಗೂ ಹೇಳದೆ ಅತಿಥಿಯೊಬ್ಬರನ್ನು ಕರೆಸಿದ್ದ. ಮೊಮ್ಮಗನ ಭುಜ ಹಿಡಿದು ವೇದಿಕೆ ಹತ್ತಿದವರು ರಾಮಾಂಜಿನಪ್ಪ. ಈಗ ಹೊಲವೆಲ್ಲ ಶೆಡ್ಡುಗಳಾಗಿ, ಪೀಣ್ಯದ ವರ್ಕ್‌ಶಾಪಿನವರಿಂದ ಬಾಡಿಗೆ ಎಣಿಸುವ ಮುದುಕರು. ಗೆಳೆಯನನ್ನು ಕಂಡು ಜಯಸಿಂಹರ ಮುಖ ಅರಳಬೇಕಿತ್ತು. ಬಿಳಚಿಕೊಂಡಿತು. ವಾಸಂತಮ್ಮ ಅದನ್ನು ನೋಡಿದರು, ಬಿಸಿಲಿಗೆ ಹಾಗಾಯಿತೇನೋ ಎಂದುಕೊಂಡರು.

"ಈಗ ನೀವು ನಿಲ್ಸಿರೋವೆಲ್ಲ ಸೋಕಿ ಗಾಡಿಗಳು" ಎಂದು ರಾಮಾಂಜಿನಪ್ಪ ಶುರುಮಾಡಿದರು. "ಈ ಜೀಪು ಐತಲ್ಲ, ಇದು ದುಡಿದಿರೋದು. ಎಸರಘಟ್ಟದ ಉಲ್ಲಿನಾಗೆ, ದುರ್ಗದ ಕಾಡಿನಾಗೆ, ದಾರೀನೇ ಇಲ್ದಿರೋ ಕಡೆ ಓಡೈತೆ. ಮುಂದ್ಗಡೆ ಗಾಜು ಮಡಿಸಿ ಬಾನೆಟ್ ಮ್ಯಾಲೆ ಮಲಗಿಸಿಬಿಟ್ರೆ ಕೋವಿ ಇಟ್ಕಳಕ್ಕೆ ಜಾಗ. ಕಾಡಂದಿ ಅತ್ಲಾಗೆ ತಿರುಗೋಕ್ ಮುಂಚೆನೇ ನಮ್ ಜಯಸಿಂಹ ಸ್ವಾಮೇರು ಜೀಪು ತಿರುಗಿಸಿರೋರು. ಇಂಜಿನ್ ಸದ್ದು ಕೇಳಿದ್ರೆ ಈಗ್ಲೂ ಮೈ ಜುಮ್ ಅಂತದೆ ನಂಗೆ!"

ಪಾಪ, ವಯಸ್ಸಾಗಿದೆ, ಇನ್ಯಾರದೋ ಕಥೆಯನ್ನು ಇವರಿಗೆ ಅಂಟಿಸುತ್ತಿದ್ದಾರೆ ಎಂದುಕೊಂಡರು ವಾಸಂತಮ್ಮ. ಗಂಡನ ಕಡೆ ತಿರುಗಿ ನಗಬೇಕೆಂದರೆ ಗಂಡ ಇವರ ಕಡೆ ನೋಡುತ್ತಲೇ ಇಲ್ಲ, ಚಪ್ಪಲಿ ನೋಡುತ್ತಿದ್ದಾರೆ.

"ಗುರೀನೂ ಅಂಗೇ. ಪೂಜೆ ಮಾಡೋ ಕೈ, ಒಂದೇ ಏಟಿಗೆ ಬೀಳ್ಸೋದು. ಮೊದ್ಲು ಸ್ವಾಮಿ ದರ್ಶನ, ಆಮ್ಯಾಕೆ ಶಿಕಾರಿ. ಸರ್ಕಾರದೋರು ಬಂದ್ ಮಾಡಿದ್ಮ್ಯಾಲೂ ಕದ್ದು ಓಗ್ತಿದ್ವಿ, ಈಗ ಏಳಿದ್ರೆ ತಪ್ಪಿಲ್ಲ ಬಿಡಿ. ಮೂರು ಕಲ್ಲು ಇಟ್ಟು ಒಲೆ ಊಡಿ ಬಾಡು ಬೇಯಾಕಿದ್ರೆ, ಕಾರ ಯಾರ್ದು ಗೊತ್ತಾ? ವಾಸಂತಮ್ಮೋರ ಪುಡಿ! ಅಲ್ಲೇ ಕುಂತವ್ರೆ ನೋಡಿ, ತಾಯಿ. ಆ ಚಕ್ಕೆ ಲವಂಗದ ಗಮಲು! ಪುಡಿ ಬಂದಿಲ್ಲ ಅಂದ್ರೆ ಶಿಕಾರಿನೇ ಬ್ಯಾಡ ಅಂತಿದ್ವಿ."

ಪಾರ್ಕಿಂಗಿನಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆ ಹಾಕಿದರು. ವಾಸಂತಮ್ಮನಿಗೆ ಕಿವಿಯೊಳಗೆ ಗುಂಯ್ ಎಂದಿತು. ಚಿನ್ಮಯ್ ಕೈಹಿಡಿದು ವೇದಿಕೆಗೆ ಕರೆದೊಯ್ದದ್ದೂ, ಹೆಗಲಿಗೆ ಶಾಲು ಬಿದ್ದದ್ದೂ, ಕೊರಳಿಗೆ ಗಂಧದ ಹಾರ ಬಂದದ್ದೂ ಬೇರೆ ಯಾರಿಗೋ ಆಗುತ್ತಿರುವಂತಿತ್ತು. "ಆಂಟಿ, ರೆಸಿಪಿ ಕೊಡಿ!" ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೂಗಿದಳು. ಮಡಿಯುಟ್ಟು ಕುಟ್ಟಿದ ಪುಡಿ. ಒರಳನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ ಕುಟ್ಟಿದ ಪುಡಿ. ಆದರೂ ಕೈ ಜೋಡಿಸಿದರು, ಸಭೆಯಲ್ಲಿ ಇನ್ನೇನು ಮಾಡಲಾಗುತ್ತದೆ?

ಊಟದ ಹೊತ್ತಿಗೆ ಅವರು ಮೊಸರನ್ನದ ಡಬ್ಬಿ ತೆರೆಯದೆ ಒಂದು ಕುರ್ಚಿಯಲ್ಲಿ ಕೂತಿದ್ದರು. ರಾಮಾಂಜಿನಪ್ಪ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಹೆಂಡತಿಗೆ ಎಲ್ಲ ಗೊತ್ತು ಎಂದೇ ಆ ಮನುಷ್ಯ ಇಷ್ಟು ವರ್ಷ ನಂಬಿದ್ದರು.

"ಎಲ್ಲಾ ಏಳ್ದೆ ತಾಯಿ, ಕಡೇದೊಂದು ಏಳಿಲ್ಲ. ಜನದ ಮುಂದೆ ಏಳೋದಲ್ಲ ಅದು" ಎಂದರು ಮೆಲ್ಲಗೆ. "ಆ ಗಬ್ಬದ ಹಂದಿ ವಿಸ್ಯ. ಸ್ವಾಮೇರ ಗುಂಡೇಟಿಗೇ ಬಿದ್ದದ್ದು. ಕೊಯ್ದ್ರೆ ಒಳಗೆ ನಾಕು ಮರಿ. ಜೀಪಿನ ಹಿಂದೆ ಕುಂತು ಮಗೀನಂಗೆ ಅತ್ತುಬಿಟ್ರು. ಕೋವಿ ನನ್ ಕೈಗೆ ಕೊಟ್ಟೋರು ಮತ್ತೆ ಬರ್ಲೇ ಇಲ್ಲ. ಅದಾಗಿ ಒಂದು ವಾರಕ್ಕೆ ನೀವು ಏಳ್ ತಿಂಗ್ಳಿಗೇ ಆಸ್ಪತ್ರೆ ಸೇರಿದ್ರಿ ಅಂತ ಗೊತ್ತಾಯ್ತು. ನಂಗೂ ಬಾಳ ಸಂಕಟ ಆಯ್ತು ತಾಯಿ."

ವಾಸಂತಮ್ಮ ತೆರೆಯದ ಡಬ್ಬಿಯನ್ನು ಎತ್ತಿಕೊಂಡು ಜೀಪಿನ ಕಡೆ ನಡೆದರು.

ಮನೆಯ ದಾರಿಯಲ್ಲಿ ಹೆಬ್ಬಾಳದ ಹತ್ತಿರ ಸಿಕ್ಕಿಬಿದ್ದರು. ಫ್ಲೈಓವರಿನ ಮೇಲೆ ಗಾಡಿಗಳು ಕದಲದೆ ನಿಂತಿದ್ದವು. ಬಾಗಿಲಿಲ್ಲದ, ಮೇಲೆ ಹೊದಿಕೆಯಿಲ್ಲದ ಜೀಪು. ಪಕ್ಕದ ಬೈಕಿನವನು ಹೆಲ್ಮೆಟ್ಟಿನ ಗಾಜೆತ್ತಿ, "ಸಕ್ಕತ್ತಾಗಿದೆ ಅಂಕಲ್!" ಎಂದು ಫೋಟೋ ತೆಗೆದುಕೊಂಡ. ಅವನ ಫೋಟೋದಲ್ಲಿ ಗಂಧದ ಹಾರ ಹಾಕಿಕೊಂಡ ಹೆಂಗಸಿನ ಮುಖ ಹೇಗಿತ್ತೋ.

"ನೀವೂ ತಿಂದ್ರಾ?" ಎಂದರು ವಾಸಂತಮ್ಮ.

"ರಾಮಾಂಜಿನಪ್ಪಂಗೆ ಬಾಯಿಗೆ ಬೀಗ ಇಲ್ಲ."

"ಕೇಳಿದ್ದಕ್ಕೆ ಹೇಳಿ."

"ತಿಂದೆ" ಎಂದರು ಜಯಸಿಂಹರು. ಕಣ್ಣು ಮುಂದಿನ ಬಸ್ಸಿನ ಮೇಲೇ ಇತ್ತು. "ಆಮೇಲೆ ಸ್ನಾನ ಮಾಡಿ, ಜನಿವಾರ ಬದಲಾಯಿಸ್ಕೊಂಡು ಬರ್ತಿದ್ದೆ."

ಈ ಉತ್ತರಕ್ಕೆ ತಾನು ಕೆಳಗೆ ಹಾರಿಬಿಡುತ್ತೇನೆ ಎಂದುಕೊಂಡಿದ್ದರು ವಾಸಂತಮ್ಮ. ಹಾಗೇನೂ ಆಗಲಿಲ್ಲ. ಬೆಳಿಗ್ಗೆಯಾಗಿದ್ದರೆ ಅದೊಂದೇ ಮಾತಿಗೆ ಮೂರು ದಿನ ಒಲೆ ಹಚ್ಚುತ್ತಿರಲಿಲ್ಲ. ಈಗ ಅದು ಎಲ್ಲೋ ದೂರದ ಸುದ್ದಿಯಾಗಿತ್ತು. ಕೇಳಬೇಕಾದದ್ದೇ ಬೇರೆಯಿತ್ತು.

"ಜೋಯಿಸರ ಮನೇಲಿ ಯಾಕೆ ಸುಮ್ಮನೆ ಕೂತ್ರಿ?"

ಜಯಸಿಂಹರು ಗೇರಿನ ಮೇಲೆ ಕೈಯಿಟ್ಟರು, ತೆಗೆದರು. "ಧೈರ್ಯ ಸಾಲಲಿಲ್ಲ ಕಣೇ. ಅಮ್ಮ ಪಕ್ಕದಲ್ಲೇ ಕೂತಿದ್ರು. ಆ ಹಂದಿದೇ ಶಾಪ, ನನ್ನಿಂದಲೇ ಆಯ್ತು ಅಂತ ನಂಗೆ ಆಸ್ಪತ್ರೇಲೇ ಅನ್ನಿಸಿಬಿಟ್ಟಿತ್ತು. ಇವತ್ತಿಗೂ ಅನ್ನಿಸುತ್ತೆ."

"ಅನ್ನಿಸಿತ್ತಾ!" ವಾಸಂತಮ್ಮನ ದನಿ ಒಡೆಯಿತು. "ಅನ್ನಿಸಿನೂ ನನ್ನ ಕೈಲಿ ಅಷ್ಟು ವ್ರತ ಮಾಡಿಸಿದ್ರಾ? ಪೂಜೆಗೆ ಪಕ್ಕದಲ್ಲಿ ಮಣೆ ಹಾಕ್ಕೊಂಡು ಕೂರ್ತಿದ್ರಲ್ರೀ! ಹಂದಿಗೂ ನನ್ನ ಹೊಟ್ಟೆಗೂ ಯಾವ ಸಂಬಂಧಾನೂ ಇಲ್ಲ. ಡಾಕ್ಟ್ರು ಬಿಪಿ ಅಂತ ಅವತ್ತೇ ಹೇಳಿದ್ರು, ನಾವ್ಯಾರೂ ಕೇಳಲಿಲ್ಲ. ಆದ್ರೆ ಪಾಪಿ ಅಂತ ಅನ್ನಿಸ್ಕೊಂಡೋಳು ನಾನು. ನಮ್ಮ ಮನೇಲೇ, ನಿಮ್ಮ ಕಣ್ಣೆದುರಿಗೆ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಮುಂದೆ ಎರಡು ಮಾರು ಜಾಗವಾಗಿತ್ತು. ಜಯಸಿಂಹರು ಜೀಪನ್ನು ಅಷ್ಟು ದೂರ ಬಿಟ್ಟು ಮತ್ತೆ ನಿಲ್ಲಿಸಿದರು. ಮುದಿ ಗಂಡನ ಬಗ್ಗೆ ವಾಸಂತಮ್ಮನಿಗೆ ಎಂದಿನಂತೆ ಕರುಣೆ ಬರಬೇಕಿತ್ತು, ಬರಲಿಲ್ಲ. ಮಗು ಹೋದಾಗ ಈ ಮನುಷ್ಯನೂ ಎಲ್ಲೋ ಒಂದು ಕಡೆ ಕೂತು ಅತ್ತಿರಬಹುದು ಎಂದು ಹೊಳೆಯಿತು, ಅದಕ್ಕೆ ಇನ್ನೂ ಸಿಟ್ಟು ಬಂತು. ಅಳುವುದನ್ನಾದರೂ ಜೊತೆಗೆ ಅಳಬಹುದಿತ್ತಲ್ಲ.

"ಹೇಳಿ" ಎಂದರು.

"ಏನು ಹೇಳ್ಲಿ?"

"ನನ್ನ ತಪ್ಪಲ್ಲ ಅಂತ ಹೇಳಿ."

ಜಯಸಿಂಹರ ತುಟಿ ಅಲ್ಲಾಡಿತು. ಜೀಪಿನ ಸದ್ದಿಗೆ ಏನೂ ಕೇಳಿಸಲಿಲ್ಲ.

"ಕೇಳಿಸ್ಲಿಲ್ಲ."

ಜಯಸಿಂಹರು ಇಂಜಿನ್ ಆಫ್ ಮಾಡಿದರು. ಹೆಬ್ಬಾಳದ ಫ್ಲೈಓವರಿನ ನಟ್ಟನಡುವೆ, ಹಿಂದೆಮುಂದೆ ನೂರಾರು ಗಾಡಿಗಳು ಹಾರ್ನ್ ಬಡಿದುಕೊಳ್ಳುತ್ತಿರುವಾಗ, ಎಂಬತ್ತರ ಹತ್ತಿರದ ಮನುಷ್ಯ ಹೆಂಡತಿಯ ಕಡೆ ಪೂರ್ತಿ ತಿರುಗಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದರು:

"ನಿನ್ನ ತಪ್ಪಲ್ಲ ಕಣೇ ವಾಸಂತಿ! ಯಾವತ್ತೂ ನಿನ್ನದಲ್ಲ!"

ಪಕ್ಕದ ಆಟೋದವನು ತಲೆ ಹೊರಗೆ ಹಾಕಿ ನೋಡಿದ. ಬೈಕಿನವನು ಫೋನು ಕೆಳಗಿಳಿಸಿದ.

ವಾಸಂತಮ್ಮ ಶಾಲಿನ ತುದಿಯಿಂದ ಮುಖ ಒರೆಸಿಕೊಂಡರು.

"ನಂಗೆ ಕೇಳಿಸ್ತು" ಎಂದರು. "ನಿಮ್ಮಮ್ಮಂಗೆ ಕೇಳಿಸ್ಬೇಕಿತ್ತು ರೀ."